ಬಾಯಿ ಬಿಡದ ಅಕ್ಷರಗಳು: ಇಂಗ್ಲಿಷ್ ಪದಗಳ ಬಗ್ಗೆ ನಮ್ಮ ಟ್ಯೂಷನ್ ಮನೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮೀಡಿಯಂನವರು. ಮಕ್ಕಳಿಗಿಂತ ಜಾಸ್ತಿ ಪ್ರಶ್ನೆ ಕೇಳುವವರು ಅವರನ್ನು ಕರೆದುಕೊಂಡು ಹೋಗಲು ಬರುವ ಅಪ್ಪ, ಅಮ್ಮ, ಅಜ್ಜ. ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಕೇಳುತ್ತಾರೆ. ಎಲ್ಲರ ಪ್ರಶ್ನೆಯೂ ಸುತ್ತಿ ಸುತ್ತಿ ಒಂದೇ ಕಡೆ ಬರುತ್ತದೆ: ಈ ಸ್ಪೆಲಿಂಗ್ ಯಾಕೆ ಹೀಗಿದೆ, ಇದನ್ನು ನೆನಪಿಟ್ಟುಕೊಳ್ಳುವುದು ಹೇಗೆ?

ನನ್ನ ಉತ್ತರವೂ ಒಂದೇ. ಪದಗಳನ್ನು ಎ ಇಂದ ಝಡ್‌ವರೆಗೆ ಸಾಲಾಗಿ ಬಾಯಿಪಾಠ ಮಾಡಬೇಡಿ. ಅಕ್ಷರ ಹಂಚಿಕೊಂಡ ಪದಗಳನ್ನು ಒಂದೇ ಮನೆಯವರ ಹಾಗೆ ಒಟ್ಟಿಗೆ ಕೂರಿಸಿ. ಆ ಮನೆಯ ಕತೆ ಗೊತ್ತಾದರೆ ಸ್ಪೆಲಿಂಗ್ ಅರ್ಧ ಬಂದ ಹಾಗೆ.

‘ನೈಫ್’ ಬರೆಯುವಾಗ ಕೆ ಯಾಕೆ ಬೇಕು? ಓದುವಾಗ ಅದು ಬರೋದೇ ಇಲ್ವಲ್ಲ?

“ಕೆ ಎನ್ ಐ ಎಫ್ ಇ ನೈಫ್, ನೈಫ್ ಅಂದ್ರೆ ಚಾಕು.” ಈ ರಾಗ ನಮ್ಮ ಪಡಸಾಲೆಯಲ್ಲಿ ದಿನಾ ಕೇಳುತ್ತದೆ. ಒಂದು ಕಾಲದಲ್ಲಿ ಇಂಗ್ಲಿಷರು ಆ ಕೆಯನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಹೆಚ್ಚುಕಡಿಮೆ ‘ಕ್ನೀಫ್’ ಅನ್ನುವ ಹಾಗೆ. ಸುಮಾರು 17ನೇ ಶತಮಾನದ ಹೊತ್ತಿಗೆ ಅದು ಬಾಯಿಂದ ಜಾರಿತು. ಆದರೆ ಅಷ್ಟರಲ್ಲಿ ಅಚ್ಚುಕೂಟ ಬಂದುಬಿಟ್ಟಿತ್ತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲೇ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣ ಯಂತ್ರ ಹಾಕಿದ್ದ. ಅಚ್ಚಾದ ಸ್ಪೆಲಿಂಗ್ ನಿಧಾನಕ್ಕೆ ಅಲ್ಲೇ ಗಟ್ಟಿಯಾಗಿ ಕೂತಿತು. ಬಾಯಿ ಮಾತ್ರ ಮುಂದೆ ಹೋಯಿತು.

ಇದು ನಮಗೆ ಹೊಸದೇನಲ್ಲ. ನಾವು ‘ಬರುತ್ತದೆ’ ಅಂತ ಬರೆಯುತ್ತೇವೆ, ರಾಯಚೂರಿನ ಬಾಯಲ್ಲಿ ಬರುವುದು ‘ಬರ್ತದ’. ಆದರೂ ಒಂದು ವ್ಯತ್ಯಾಸ ಇದೆ. ಮಾತು ಪೂರ್ತಿ ಬದಲಾದಾಗ ಕನ್ನಡ ಬರಹವನ್ನೂ ಬದಲಿಸಿಕೊಂಡಿತು. ಹಳಗನ್ನಡದ ‘ಪಾಲ್’ ಬಾಯಲ್ಲಿ ಹಾಲಾಯಿತು, ಬರೆಯುವಾಗಲೂ ಹಾಲೇ ಆಯಿತು. ೞ, ಱ ಎಂಬ ಎರಡು ಅಕ್ಷರ ನಾಲಿಗೆಯಿಂದ ಹೋದ ಮೇಲೆ ಬರವಣಿಗೆಯಿಂದಲೂ ಹೋದವು. ಇಂಗ್ಲಿಷ್ ಹಾಗೆ ಮಾಡಲಿಲ್ಲ. ತೀರಿಕೊಂಡ ಅಜ್ಜನ ಫೋಟೊ ಗೋಡೆಗೆ ಹಾಕಿದ ಹಾಗೆ ಆ ಕೆಯನ್ನು ಇಟ್ಟುಕೊಂಡಿದೆ. ಜರ್ಮನ್ ಭಾಷೆಯಲ್ಲಿ ಮೊಣಕಾಲಿಗೆ ಈಗಲೂ ‘ಕ್ನೀ’ ಅಂತ ಕೆ ಸೇರಿಸಿಯೇ ಹೇಳುತ್ತಾರೆ.

ಈ ಮನೆಯವರು ಯಾರ್ಯಾರು ನೋಡಿ. ‘ನೀ’ ಮೊಣಕಾಲು, ‘ನೀಲ್’ ಮೊಣಕಾಲೂರಿ ಕೂರು. ‘ನಾಟ್’ ಗಂಟು. ‘ನಕಲ್’ ಬೆರಳಿನ ಗಿಣ್ಣು. ‘ನಾಬ್’ ಬಾಗಿಲಿನ ಗುಂಡನೆಯ ಹಿಡಿ. ‘ನಿಟ್’ ಹೆಣಿ. ‘ನಾಕ್’ ಬಾಗಿಲು ಬಡಿ, ಬಡಿಯುವುದೂ ಗಿಣ್ಣಿನಿಂದಲೇ. ‘ನೀಡ್’ ಹಿಟ್ಟು ನಾದು. ‘ನ್ಯಾಕ್’ ಕೈಚಳಕ. ‘ನೋ’ ತಿಳಿ. ಗಮನಿಸಿದ್ದೀರಾ, ಅರ್ಧಕ್ಕರ್ಧ ಪದಗಳಲ್ಲಿ ಒಂದು ಗಂಟು, ಒಂದು ಗಡ್ಡೆ ಇದೆ. ನಾನು ಮಕ್ಕಳಿಗೆ ಈ ಗುಂಪನ್ನು ‘ಗಂಟಿನ ಮನೆ’ ಅಂತಲೇ ಹೇಳುತ್ತೇನೆ.

‘ನೈಟ್’ ಅಂತ ಇನ್ನೊಬ್ಬ ಇದ್ದಾನೆ, ಹಳೇ ಕಾಲದ ಕುದುರೆ ಸವಾರ ವೀರ. ಚೆಸ್ಸಿನಲ್ಲಿ ನಾವು ಕುದುರೆ ಅನ್ನುವ ಕಾಯಿ ಅವನದೇ. ಮೊದಲು ಈ ಪದಕ್ಕೆ ಹುಡುಗ, ಆಳು ಅಂತಷ್ಟೇ ಅರ್ಥ ಇತ್ತು. ಇಂಗ್ಲೆಂಡಿನಲ್ಲಿ ಆಳು ವೀರನಾದ. ಜರ್ಮನಿಯಲ್ಲಿ ಅದೇ ಪದ ಇವತ್ತಿಗೂ ಆಳಾಗಿಯೇ ಉಳಿದಿದೆ.

ಕೆ ಬಿಟ್ಟು ಬರೆದರೆ ಒಂದು ಮಾರ್ಕ್ಸ್ ಹೋಗುತ್ತದೆ, ಅಷ್ಟೇ ಅಲ್ವಾ?

ಅರ್ಥವೂ ಹೋಗುತ್ತದೆ. ಕೆ ಇದ್ದರೆ ‘ನೋ’ ಅಂದರೆ ತಿಳಿ, ಇಲ್ಲದಿದ್ದರೆ ಅದು ‘ನೌ’, ಅಂದರೆ ಈಗ. ಕೆ ಇದ್ದರೆ ‘ನಾಟ್’ ಗಂಟು, ಇಲ್ಲದಿದ್ದರೆ ಅಲ್ಲ. ‘ನ್ಯೂ’ ಕೆ ಇದ್ದರೆ ತಿಳಿದಿತ್ತು, ಇಲ್ಲದಿದ್ದರೆ ಹೊಸದು. ‘ನೈಟ್’ ಕೆ ಇಲ್ಲದಿದ್ದರೆ ರಾತ್ರಿ.

ಒಬ್ಬ ಹುಡುಗಿಯ ಅಮ್ಮ ಮನೆಮನೆಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಾರೆ. ಹುಡುಗಿ ‘ನಮ್ಮ ತಾಯಿಯ ಕೆಲಸ’ ಅಂತ ಪ್ರಬಂಧ ಬರೆದಳು. ಹಿಟ್ಟು ನಾದುತ್ತಾಳೆ ಅಂತ ಬರೆಯಬೇಕಿತ್ತು, ‘ನೀಡ್ಸ್’ಗೆ ಕೆ ಹಾಕಿರಲಿಲ್ಲ. ಸ್ಪೆಲಿಂಗಿನಲ್ಲಿ ಇನ್ನೂ ಒಂದು ಅಕ್ಷರದ ವ್ಯತ್ಯಾಸ ಇದೆ, ಆ ಮಾತು ಇರಲಿ. ಅವಳು ಬರೆದ ವಾಕ್ಯಕ್ಕೆ ‘ನಮ್ಮ ಅಮ್ಮನಿಗೆ ದಿನಾ ಬೆಳಗ್ಗೆ ಹಿಟ್ಟು ಬೇಕು’ ಅಂತ ಅರ್ಥ ಬಂತು. ಅದನ್ನು ಅವರಮ್ಮನಿಗೆ ಹೇಳಿದರೆ, “ಅದೂ ಖರೇನೇ ಐತಲ್ರೀ ಅಕ್ಕೋರೆ” ಅಂದರು.

ಡಬ್ಲ್ಯೂ ಮತ್ತು ಆರ್ ಜೊತೆಗೆ ಬಂದರೆ ಹೇಗೆ ಓದುವುದು?

ಡಬ್ಲ್ಯೂ ಸುಮ್ಮನಿರುತ್ತದೆ, ಆರ್ ಮಾತಾಡುತ್ತದೆ. ನನಗೆ ತುಂಬ ಇಷ್ಟವಾದ ಮನೆತನ ಇದು. ಇಲ್ಲಿ ಅಕ್ಷರದ ಜೊತೆ ಅರ್ಥವೂ ಪಾಲಾಗಿದೆ. ಈ ಮನೆಯಲ್ಲಿ ಬಹಳಷ್ಟು ಜನ ತಿರುಚುವವರು.

‘ರಿಸ್ಟ್’ ಮಣಿಕಟ್ಟು, ಅಂದರೆ ಕೈ ತಿರುಗುವ ಜಾಗ. ‘ರಿಂಗ್’ ಒದ್ದೆ ಬಟ್ಟೆ ಹಿಂಡು. ತಿರುಚದೆ ಹಿಂಡೋಕಾಗುತ್ತಾ? ‘ರೆಂಚ್’ ತಿರುಚಿ ಎಳೆ. ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾಕ್ಕೂ ಇದೇ ಹೆಸರು. ‘ರೆಸಲ್’ ಕುಸ್ತಿ ಹಿಡಿ. ‘ರಿಗಲ್’ ಎರೆಹುಳದ ಹಾಗೆ ನುಲಿ. ‘ರಿಂಕಲ್’ ಸುಕ್ಕು. ‘ರೀತ್’ ಹೂವನ್ನು ಬಳೆಯ ಹಾಗೆ ಸುತ್ತಿ ಕಟ್ಟಿದ್ದು. ಇನ್ನು ‘ರಾಂಗ್’. ತಪ್ಪು ಅನ್ನುವ ಅರ್ಥ ಬರುವ ಮೊದಲು ಇದರ ಬೇರಿನಲ್ಲಿ ಇದ್ದದ್ದು ಸೊಟ್ಟ ಅನ್ನುವ ಅರ್ಥ. ನಾವೂ ಹಾಗೇ ಅಲ್ವಾ? ಯಾರಾದರೂ ತಪ್ಪು ದಾರಿ ಹಿಡಿದರೆ ‘ಸೊಟ್ಟ ದಾರಿ’ ಅನ್ನುತ್ತೇವೆ.

ಗರಡಿಮನೆಗೆ ಹೋಗುವ ಹುಡುಗನೊಬ್ಬ ನನ್ನ ಹತ್ತಿರ ಬರುತ್ತಿದ್ದ. ಒಂಬತ್ತನೇ ಕ್ಲಾಸು. ‘ರಿಸ್ಟ್’ ಬರೆ ಅಂದರೆ ಪ್ರತಿ ಸಲ ಆರ್‌ನಿಂದ ಶುರು ಮಾಡುತ್ತಿದ್ದ. ಒಂದು ದಿನ ಇವೆಲ್ಲ ತಿರುಚುವ ಪದ ಕಣೋ ಅಂದೆ. ತಟ್ಟನೆ ಎದ್ದು ಪಕ್ಕದವನ ಮಣಿಕಟ್ಟು ಹಿಡಿದು ತಿರುವಿಯೇ ಬಿಟ್ಟ. “ಅಕ್ಕೋರೆ, ರಿಸ್ಟ್, ರೆಂಚ್, ರೆಸಲ್!” ಪಕ್ಕದವನು ಕಿರುಚಿದ್ದು ಬೇರೆ ಮಾತು. ಆಮೇಲೆ ಅವನು ಆ ಡಬ್ಲ್ಯೂ ಮರೆಯಲಿಲ್ಲ, ಪಕ್ಕದವನೂ ಮರೆಯಲಿಲ್ಲ.

‘ರೈಟ್’, ಅಂದರೆ ಬರೆ, ಈ ಮನೆಯಲ್ಲಿ ಬಾಡಿಗೆಗೆ ಇರುವವರ ಹಾಗೆ. ಅಕ್ಷರ ಒಂದೇ, ಅರ್ಥದಲ್ಲಿ ತಿರುಚುವುದು ಇಲ್ಲ. ಹಿಂದೆ ಅದಕ್ಕೆ ಗೀರು, ಕೆತ್ತು ಅನ್ನುವ ಅರ್ಥ ಇತ್ತು. ನಮ್ಮಲ್ಲೂ ‘ಬರೆ’ ಅಂದರೆ ಕಾದ ಕಬ್ಬಿಣದಲ್ಲಿ ಎಳೆದ ಗೆರೆಯೂ ಹೌದು.

ಮಾತಾಡದ ಅಕ್ಷರಗಳೆಲ್ಲ ಹಿಂದೆ ಮಾತಾಡುತ್ತಿದ್ದವಾ?

ಎಲ್ಲ ಅಲ್ಲ. ಕೆಲವನ್ನು ಪಂಡಿತರು ಬೇಕಂತಲೇ ತಂದು ತುರುಕಿದ್ದು. ಇದನ್ನು ಹೇಳುವಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಕಾರಣ ಇದೆ.

ನಾನು ಡಿಗ್ರಿ ಓದಿದ್ದು ಬಳ್ಳಾರಿಯಲ್ಲಿ. ಮೊದಲ ವಾರ ಇಂಗ್ಲಿಷ್ ಪಾಠ ಜೋರಾಗಿ ಓದಲು ನನ್ನನ್ನು ಎಬ್ಬಿಸಿದರು. ‘ಸೂಕ್ಷ್ಮವಾದ’ ಅನ್ನುವ ಅರ್ಥದ ಪದ ಬಂತು. ಎಸ್ ಯು ಬಿ ಟಿ ಎಲ್ ಇ. ನಾನು ಬರೆದದ್ದನ್ನು ಬರೆದ ಹಾಗೆ ‘ಸಬ್ಟಲ್’ ಅಂತ ಓದಿದೆ. ಹಿಂದಿನ ಬೆಂಚಿನಿಂದ ಶುರುವಾದ ನಗು ಮುಂದಿನ ಬೆಂಚಿನವರೆಗೆ ಬಂತು. ಅದು ‘ಸಟಲ್’ ಅಂತ ಯಾರೂ ಹೇಳಲಿಲ್ಲ. ನಕ್ಕರು, ಅಷ್ಟೇ. ಹಾಸ್ಟೆಲ್ಲಿಗೆ ಹೋಗಿ ಡಿಕ್ಷನರಿ ತೆಗೆದು ನೋಡಿದೆ.

ಆಮೇಲೆ ತಿಳಿದದ್ದು: ಈ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ಬಿ ಇರಲೇ ಇಲ್ಲ. ಲ್ಯಾಟಿನ್ ಓದಿದ ಪಂಡಿತರು ‘ಇದರ ಮೂಲದಲ್ಲಿ ಬಿ ಇದೆ, ಹಾಕಲೇಬೇಕು’ ಅಂತ ಬರೆಯುವಾಗ ಸೇರಿಸಿದರು. ಜನ ಮಾತಾಡುವುದನ್ನು ಬದಲಿಸಲಿಲ್ಲ. ‘ಡೆಟ್’ ಅಂದರೆ ಸಾಲ, ‘ಡೌಟ್’ ಅಂದರೆ ಅನುಮಾನ, ಎರಡರಲ್ಲೂ ಬಿ ಬಂದದ್ದು ಹೀಗೇ. ‘ರಿಸೀಟ್’ ಅಂದರೆ ರಸೀದಿ, ಅದರ ಪಿ ಕೂಡ ಲ್ಯಾಟಿನ್ ಮೋಹದ್ದೇ. ‘ಐಲೆಂಡ್’ ಅಂದರೆ ದ್ವೀಪ, ಅದರ ಎಸ್ ಅಂತೂ ಶುದ್ಧ ತಪ್ಪು. ಅದು ಅಪ್ಪಟ ಇಂಗ್ಲಿಷ್ ಪದ. ಲ್ಯಾಟಿನ್ ಮೂಲದ ಇನ್ನೊಂದು ಪದದ ಜೊತೆ ಗೊಂದಲ ಮಾಡಿಕೊಂಡು ಎಸ್ ಸೇರಿಸಿದರು.

ಹಾಗಾಗಿ ಮಕ್ಕಳು ಬರೆದದ್ದನ್ನು ಬರೆದ ಹಾಗೆ ಓದಿದರೆ ನಾನು ನಗುವುದಿಲ್ಲ, ಪಕ್ಕದವರಿಗೂ ನಗಲು ಬಿಡುವುದಿಲ್ಲ.

ಎಂ ಆದ ಮೇಲೆ ಬರುವ ಬಿ?

ಪದದ ಕೊನೆಗೆ ಬಂದರೆ ಅದು ಮೂಕ. ‘ಲ್ಯಾಮ್’ ಕುರಿಮರಿ, ‘ಕೋಮ್’ ಬಾಚಣಿಗೆ, ‘ಕ್ಲೈಮ್’ ಹತ್ತು, ‘ಟೂಮ್’ ಗೋರಿ, ‘ನಮ್’ ಜೋಮು ಹಿಡಿದ, ‘ಥಮ್’ ಹೆಬ್ಬೆಟ್ಟು. ಹೆಬ್ಬೆಟ್ಟಿನ ಬಿ ಹಿಂದೆ ಇರಲಿಲ್ಲ, ಆಮೇಲೆ ಅಂಟಿಕೊಂಡದ್ದು. ‘ಪ್ಲಮರ್’ ಅಂದರೆ ನಲ್ಲಿ ಕೆಲಸದವರು. ಲ್ಯಾಟಿನ್‌ನಲ್ಲಿ ಸೀಸಕ್ಕೆ ‘ಪ್ಲಂಬಮ್’ ಅನ್ನುತ್ತಿದ್ದರು. ಹಿಂದೆ ನೀರಿನ ಪೈಪುಗಳು ಸೀಸದವು. ವಿಜ್ಞಾನದ ಪುಸ್ತಕದಲ್ಲಿ ಸೀಸಕ್ಕೆ ‘ಪಿಬಿ’ ಅಂತ ಗುರುತು ಇರುವುದೂ ಇದೇ ಕಾರಣಕ್ಕೆ. ನಮ್ಮೂರಲ್ಲಿ ಎಲ್ಲರೂ ‘ಪ್ಲಂಬರ್’ ಅಂತಲೇ ಕರೆಯುತ್ತಾರೆ. ಕರೆಯಲಿ ಬಿಡಿ, ನಲ್ಲಿ ರಿಪೇರಿ ಆದರೆ ಸಾಕು.

ಮೂಕ ಅಕ್ಷರ ನೆನಪಿಟ್ಟುಕೊಳ್ಳೋಕೆ ಏನಾದರೂ ಉಪಾಯ ಇದೆಯಾ?

ಇದೆ. ಅದರ ನೆಂಟರನ್ನು ಕರೆಯಿರಿ. ಒಂದು ಪದದಲ್ಲಿ ಮೂಕವಾದ ಅಕ್ಷರ ಎಷ್ಟೋ ಸಲ ನೆಂಟರ ಪದದಲ್ಲಿ ಮಾತಾಡುತ್ತದೆ. ‘ಸೈನ್’ನಲ್ಲಿ ಜಿ ಕೇಳುವುದಿಲ್ಲ, ‘ಸಿಗ್ನೇಚರ್’, ‘ಸಿಗ್ನಲ್’ನಲ್ಲಿ ಕೇಳುತ್ತದೆ. ‘ಬಾಮ್’ ಅನ್ನುವಾಗ ಕೊನೆಯ ಬಿ ಇಲ್ಲ, ‘ಬಂಬಾರ್ಡ್’ ಅನ್ನುವಾಗ ಇದೆ. ‘ಮಸಲ್’ ಅಂದರೆ ಸ್ನಾಯು, ಅಲ್ಲಿ ಸಿ ಸುಮ್ಮನಿದೆ, ‘ಮಸ್ಕ್ಯುಲರ್’ ಅಂದಾಗ ಎದ್ದು ಕೂರುತ್ತದೆ. ‘ಕಾಲಮ್’ನ ಕೊನೆಯ ಎನ್ ‘ಕಾಲಮ್ನಿಸ್ಟ್’ನಲ್ಲಿ ಬಾಯಿ ಬಿಡುತ್ತದೆ. ‘ಸಾಫನ್’ ಅಂದರೆ ಮೆತ್ತಗೆ ಮಾಡು. ಅದರ ಟಿ ಎಲ್ಲಿಂದ ಬಂತು ಅಂತ ಕೇಳಿದರೆ ‘ಸಾಫ್ಟ್’ ಹೇಳುತ್ತದೆ. ಕೆ ಎನ್ ಮನೆಗೆ ಈ ಉಪಾಯ ಸಾಮಾನ್ಯವಾಗಿ ನಡೆಯುವುದಿಲ್ಲ.

ಓ ಯು ಜಿ ಎಚ್. ಇದನ್ನು ಎಷ್ಟು ಥರ ಓದಬೇಕು ಅಂತೀರಿ?

ದಿನಬಳಕೆಗೆ ಆರು ಥರ ಗೊತ್ತಿದ್ದರೆ ಸಾಕು. ಹೆದರಬೇಡಿ, ಗುಂಪು ಮಾಡಿದರೆ ಬರುತ್ತದೆ.

ಎಫ್ ಕೇಳುವ ಗುಂಪು ಮೊದಲು: ‘ರಫ್’ ಒರಟು, ‘ಟಫ್’ ಗಟ್ಟಿ, ‘ಇನಫ್’ ಸಾಕು, ‘ಕಾಫ್’ ಕೆಮ್ಮು. ಓ ಕೇಳುವ ಗುಂಪು: ‘ದೋ’ ಆದರೂ, ‘ಡೋ’ ಕಲಸಿದ ಹಿಟ್ಟು. ಔ ಕೇಳುವ ಗುಂಪು: ‘ಪ್ಲೌ’ ನೇಗಿಲು, ‘ಬೌ’ ಮರದ ದೊಡ್ಡ ಕೊಂಬೆ, ‘ಡ್ರೌಟ್’ ಬರ. ಕೊನೆಗೆ ಟಿ ಬಂದ ಗುಂಪು: ‘ಬಾಟ್’ ಕೊಂಡ, ‘ಬ್ರಾಟ್’ ತಂದ, ‘ಥಾಟ್’ ಯೋಚಿಸಿದ, ‘ಫಾಟ್’ ಹೊಡೆದಾಡಿದ. ‘ಡ್ರೌಟ್’ ಮಾತ್ರ ಟಿ ಇದ್ದರೂ ಆ ಗುಂಪಿಗೆ ಹೋಗದೆ ನೇಗಿಲ ಜೊತೆ ನಿಂತಿದೆ. ಒಕ್ಕಲುತನ ಮಾಡುವವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ಇನ್ನು ‘ಥ್ರೂ’ ಮೂಲಕ, ‘ಥರಾ’ ಪೂರ್ತಿಯಾಗಿ, ಎರಡೂ ಒಂಟಿ.

‘ಬಾಟ್’ ಮತ್ತು ‘ಬ್ರಾಟ್’ ಅದಲು ಬದಲು ಮಾಡದ ಮಗುವನ್ನು ನಾನಿನ್ನೂ ನೋಡಿಲ್ಲ. ‘ಬ್ರಿಂಗ್’ನಲ್ಲಿ ಆರ್ ಇದೆ, ಹಾಗಾಗಿ ‘ಬ್ರಾಟ್’ನಲ್ಲೂ ಇದೆ. ‘ಬೈ’ನಲ್ಲಿ ಇಲ್ಲ, ‘ಬಾಟ್’ನಲ್ಲೂ ಇಲ್ಲ.

ಇಷ್ಟು ರಾದ್ಧಾಂತ ಯಾಕೆ ಅಂದರೆ, ಆ ಜಿ ಎಚ್ ಹಿಂದೆ ಗಂಟಲಿನಿಂದ ಬರುತ್ತಿದ್ದ ಒಂದು ಉಸಿರು. ‘ದುಃಖ’ ಅನ್ನುವಾಗ ನಡುವೆ ಬರುವ ವಿಸರ್ಗ ಇದೆಯಲ್ಲ, ಸುಮಾರು ಅಂಥದ್ದು. ಕೆಲವು ಪದಗಳಲ್ಲಿ ಅದು ಎಫ್ ಆಯಿತು, ಕೆಲವುಗಳಲ್ಲಿ ಮಾಯವಾಯಿತು. ಅಮೆರಿಕದವರು ನೇಗಿಲಿನಿಂದ ಯು ಜಿ ಎಚ್ ಕಿತ್ತು ಹಾಕಿ ಡಬ್ಲ್ಯೂ ಬರೆಯುತ್ತಾರೆ. ಪರೀಕ್ಷೆಯಲ್ಲಿ ಎರಡರಲ್ಲಿ ಒಂದನ್ನೇ ಹಿಡಿದುಕೊಳ್ಳಿ, ಒಂದೇ ಪುಟದಲ್ಲಿ ಎರಡೂ ಬೇಡ.

ಬಳ್ಳಾರಿ ‘ಜೀನ್ಸ್’ಗೆ ಜೆ, ರಾಯಚೂರಿನ ‘ಜಿನ್ನಿಂಗ್ ಮಿಲ್’ಗೆ ಜಿ. ಯಾಕೆ?

ಹತ್ತಿ ಮಾರ್ಕೆಟ್ಟಿಗೆ ಗಾಡಿ ಹೊಡೆಯುವ ಒಬ್ಬ ಅಣ್ಣ ಕೇಳಿದ ಪ್ರಶ್ನೆ ಇದು. ದಿನಾ ಬೋರ್ಡು ನೋಡುವವರಿಗೇ ಇಂಥದ್ದು ಹೊಳೆಯುವುದು.

ಹತ್ತಿಯಿಂದ ಬೀಜ ಬೇರೆ ಮಾಡುವ ಯಂತ್ರ ‘ಜಿನ್’. ಅದು ‘ಎಂಜಿನ್’ ಅನ್ನುವ ಪದದ ತಲೆ ಹಾರಿಸಿ ಉಳಿದ ಬಾಲ. ಎಂಜಿನ್‌ನಲ್ಲಿ ಜಿ ಇದೆ, ಹಾಗಾಗಿ ಇಲ್ಲೂ ಜಿ. ಕುಡಿಯುವ ಜಿನ್‌ಗೂ ಇದಕ್ಕೂ ಸಂಬಂಧ ಇಲ್ಲ. ‘ಜೀನ್ಸ್’ ಇಟಲಿಯ ಜಿನೋವಾ ಊರಿನ ಹೆಸರಿನಿಂದ ಬಂದದ್ದು. ಆ ಬಟ್ಟೆಗೆ ‘ಡೆನಿಮ್’ ಅನ್ನುತ್ತಾರಲ್ಲ, ಅದು ಫ್ರಾನ್ಸಿನ ನೀಮ್ ಊರಿಂದ. ಇನ್ನೂ ಒಂದು ಪದ ಇದೆ, ‘ಡಂಗರೀಸ್’, ಅದು ನಮ್ಮ ಮುಂಬೈಯ ಡೋಂಗ್ರಿಯಿಂದ ಹೋದದ್ದು. ಬಳ್ಳಾರಿಯಲ್ಲಿ ನಮ್ಮ ಚಿಕ್ಕಮ್ಮ ಪ್ಯಾಂಟಿಗೆ ಜಿಪ್ ಹಚ್ಚುತ್ತಾರೆ. ಮೂರು ಊರಿನ ಹೆಸರು ಒಂದು ಪ್ಯಾಂಟಿನಲ್ಲಿ ಇದೆ ಅಂದಾಗ, “ನಮ್ಮೂರಿನ ಹೆಸರು ಯಾವಾಗ ಬರ್ತದ?” ಅಂತ ಕೇಳಿದರು.

ಇದೇ ಉಚ್ಚಾರಕ್ಕೆ ಜಿ ಇಂದ ಶುರುವಾಗುವ ‘ಜೀನ್ಸ್’ ಇನ್ನೊಂದಿದೆ. ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ವಂಶವಾಹಿ ಅದು.

ಒಂದು ಸೂತ್ರ: ಜಿ ಆದ ಮೇಲೆ ಇ, ಐ, ವೈ ಬಂದರೆ ಸಾಮಾನ್ಯವಾಗಿ ‘ಜ’ ಕೇಳುತ್ತದೆ. ‘ಜೆಮ್’ ರತ್ನ, ‘ಜೈಂಟ್’ ದೈತ್ಯ, ‘ಜಿಮ್’. ‘ಗೆಟ್’, ‘ಗಿವ್’, ‘ಗರ್ಲ್’, ‘ಗಿಫ್ಟ್’ ಇದಕ್ಕೆ ಬಗ್ಗುವುದಿಲ್ಲ. ಅದೇ ಸೂತ್ರ ಸಿಗೂ ಇದೆ, ಅಲ್ಲಿ ಇನ್ನೂ ಬಿಗಿ: ‘ಸೆಲ್’, ‘ಸಿಟಿ’, ‘ಸೈಕಲ್’ ಅನ್ನುವಾಗ ‘ಸ’. ‘ಕಾಟನ್’, ‘ಕಪ್’, ‘ಕಾರ್ಟ್’ ಅನ್ನುವಾಗ ‘ಕ’.

ಕ್ಯೂ ಬಂದ ಕಡೆಯೆಲ್ಲ ಯು ಬರಲೇಬೇಕಾ?

ಹೆಚ್ಚುಕಡಿಮೆ ಹೌದು. ಹಿಂದೆ ಇಂಗ್ಲಿಷಿನವರು ‘ಕ್ವೀನ್’ ಬರೆಯಲು ಸಿ ಡಬ್ಲ್ಯೂ ಬಳಸುತ್ತಿದ್ದರು. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಅವರ ಬರಹಗಾರರು ಕ್ಯೂ ಯು ಅಭ್ಯಾಸ ತಂದರು.

ಈ ಮನೆಯಲ್ಲಿ ಎರಡು ಕವಲು. ಒಂದು ಕೇಳುವವರದು: ‘ಕ್ವೆಶ್ಚನ್’ ಪ್ರಶ್ನೆ, ‘ಕ್ವೆಸ್ಟ್’ ಹುಡುಕಾಟ, ‘ರಿಕ್ವೆಸ್ಟ್’ ವಿನಂತಿ, ‘ಎನ್‌ಕ್ವೈರಿ’ ವಿಚಾರಣೆ. ಇನ್ನೊಂದು ನಾಲ್ಕರವರದು: ‘ಕ್ವಾರ್ಟರ್’ ಕಾಲು ಭಾಗ, ‘ಸ್ಕ್ವೇರ್’ ಚೌಕ. ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವವರು ಇರುವ ‘ಕ್ವಾರ್ಟರ್ಸ್’ ಇದೇ ಮನೆಯದು. ‘ಕ್ವಾರಂಟೈನ್’ ಇದರ ದೂರದ ಸಂಬಂಧಿ, ಇಟಲಿಯವರ ನಲವತ್ತು ದಿನ. ಹಡಗಿನಲ್ಲಿ ಬಂದವರನ್ನು ಅಷ್ಟು ದಿನ ದೂರ ಇಡುತ್ತಿದ್ದರು. ಕುಷ್ಟಗಿ ಕಡೆ ಗ್ರಾನೈಟ್ ತೆಗೆಯುವ ‘ಕ್ವಾರಿ’ ಇದೆಯಲ್ಲ, ಅದೂ ನಾಲ್ಕರ ಮನೆಯದೇ. ಕಲ್ಲನ್ನು ಚೌಕ ಮಾಡುವ ಜಾಗ ಅಂತ ಅರ್ಥ. ಕೊಪ್ಪಳದ ಕಡೆಯ ಹುಡುಗನೊಬ್ಬ ಇದನ್ನು ಕೇಳಿ, “ಅದಕ್ಕೇ ಲಾರಿ ಮ್ಯಾಲೆ ಚೌಕ ಚೌಕ ಕಲ್ಲು ಹೋಗ್ತಾವ” ಅಂದ. ಅವನಿಗೆ ನಾನು ಮತ್ತೆ ಹೇಳಿಕೊಡಬೇಕಾಗಲಿಲ್ಲ.

ಯು ಇಲ್ಲದ ಕ್ಯೂ ಕೂಡ ಇದೆ. ‘ಇರಾಕ್’, ‘ಕತಾರ್’, ‘ಬುರ್ಖಾ’, ‘ಕವ್ವಾಲಿ’. ಅರಬ್ಬಿ, ಉರ್ದುವಿನ ಗಂಟಲಾಳದ ಒಂದು ‘ಕ’ವನ್ನು ತೋರಿಸಲು ಇಂಗ್ಲಿಷ್ ಬರೀ ಕ್ಯೂ ಇಟ್ಟುಕೊಂಡಿದೆ. ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲಿತ್ತು. ಈಗಲೂ ಇಲ್ಲಿ ಉರ್ದು ಮನೆಮಾತಿನ ಮಕ್ಕಳು ಬಹಳ. ಈ ಪಾಠ ಬಂದ ದಿನ ಅವರೇ ಮೇಷ್ಟ್ರು, ಆ ‘ಕ’ ನನಗೆ ಸರಿಯಾಗಿ ಬರುವುದಿಲ್ಲ.

ಸಾಲು ಅನ್ನುವ ಅರ್ಥದ ‘ಕ್ಯೂ’ ಇದೆಯಲ್ಲ, ಅದಕ್ಕೆ ಕ್ಯೂ ಆದ ಮೇಲೆ ಇನ್ನೂ ನಾಲ್ಕು ಅಕ್ಷರ: ಯು ಇ ಯು ಇ. ಫ್ರೆಂಚಿನಲ್ಲಿ ಅದಕ್ಕೆ ಬಾಲ ಅಂತ ಅರ್ಥ. ರೇಷನ್ ಅಂಗಡಿ ಸಾಲು ನೋಡಿ ನಾವು ‘ಹನುಮಪ್ಪನ ಬಾಲ’ ಅನ್ನುತ್ತೇವೆ. ಹನುಮಪ್ಪನ ಅಂಜನಾದ್ರಿ ಕೊಪ್ಪಳ ಜಿಲ್ಲೆಯಲ್ಲೇ ಇರುವಾಗ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಪದದ ಕೊನೆಯ ಅಕ್ಷರ ನೋಡಿ ಅರ್ಥ ಹೇಳಬಹುದಾ?

ಕೆಲವು ಸಲ ಧೈರ್ಯವಾಗಿ ಹೇಳಬಹುದು. ‘ಸೈಡ್’ ಅಂತ ಮುಗಿಯುವ ಒಂದು ಗುಂಪಿದೆ, ಸಿ ಐ ಡಿ ಇ. ಲ್ಯಾಟಿನ್‌ನಲ್ಲಿ ಅದರ ಬೇರಿಗೆ ಕಡಿ, ಕೊಲ್ಲು ಅಂತ ಅರ್ಥ. ‘ಪೆಸ್ಟಿಸೈಡ್’ ಪೀಡೆ ಕೊಲ್ಲುವುದು, ‘ಇನ್ಸೆಕ್ಟಿಸೈಡ್’ ಕೀಟ ಕೊಲ್ಲುವುದು, ‘ಫಂಗಿಸೈಡ್’ ಶಿಲೀಂಧ್ರ ಅಂದರೆ ಬೂಷ್ಟಿನ ಜಾತಿಯದನ್ನು ಕೊಲ್ಲುವುದು, ‘ಹರ್ಬಿಸೈಡ್’ ಕಳೆ ಕೊಲ್ಲುವುದು. ನಮ್ಮ ಕಡೆ ಇವೆಲ್ಲಕ್ಕೂ ಸೇರಿ ಒಂದೇ ಹೆಸರು, ಎಣ್ಣೆ. ‘ಹೊಲಕ್ಕೆ ಎಣ್ಣೆ ಹೊಡೀಬೇಕು’ ಅನ್ನುತ್ತಾರೆ.

ಹತ್ತನೇ ಕ್ಲಾಸಿನ ಹುಡುಗಿಯ ಮನೆಯಲ್ಲಿ ಮೆಣಸಿನ ಗಿಡಕ್ಕೆ ಬೂದಿ ರೋಗ ಬಂದಿತ್ತು. ಹೋದ ವರ್ಷದ್ದು ಅರ್ಧ ಬಾಟಲಿ ಎಣ್ಣೆ ಮನೆಯಲ್ಲೇ ಇತ್ತು, ಅದನ್ನೇ ಹೊಡೆಯೋಣ ಅಂತ ಅವರಪ್ಪ ತೆಗೆದಿಟ್ಟಿದ್ದರು. ಇವಳು ಲೇಬಲ್ ಓದಿದಳು. ‘ಇನ್ಸೆಕ್ಟಿಸೈಡ್’. “ಅಪ್ಪಾಜಿ, ಇದು ಹುಳಕ್ಕೆ. ಬೂದಿ ರೋಗಕ್ಕೆ ಫಂಗಿ ಅಂತ ಇರೋದು ಬೇಕು” ಅಂದಳಂತೆ. ಮಾರನೇ ದಿನ ಅವರಪ್ಪ ನನಗೆ ಒಂದು ಚೀಲ ಹಸಿಮೆಣಸಿನಕಾಯಿ ತಂದುಕೊಟ್ಟರು. ಅವಳು ಪರೀಕ್ಷೆಯಲ್ಲಿ ಎಷ್ಟೇ ತೆಗೆಯಲಿ, ನನಗೆ ಅಷ್ಟೇ ಸಾಕಾಗಿತ್ತು.

‘ಡಿಸೈಡ್’ ಕೂಡ ಈ ಮನೆಯದೇ ಅಂದರೆ ನಂಬುತ್ತೀರಾ? ನಿರ್ಧಾರ ಮಾಡುವುದು ಅಂದರೆ ಕಡಿದು ಹಾಕುವುದು. ನಾವು ‘ಕಡ್ಡಿ ತುಂಡು ಮಾಡಿದ ಹಾಗೆ’ ಹೇಳುತ್ತೇವಲ್ಲ, ಹಾಗೆ.

ಶುರುವಿನ ಅಕ್ಷರಕ್ಕೂ ಇಂಥ ಗುಂಪಿದೆ. ‘ಥರ್ಮ್’ ಗ್ರೀಕಿನ ಬಿಸಿ. ‘ಥರ್ಮಲ್’, ‘ಥರ್ಮಾಮೀಟರ್’, ‘ಥರ್ಮಾಸ್’ ಫ್ಲಾಸ್ಕು. ‘ಟೆಲಿ’ ದೂರ. ‘ಫೋಟೊ’ ಬೆಳಕು. ಇವೆಲ್ಲ ನಿಮಗೆ ಗೊತ್ತಿರುವ ಪದಗಳೇ, ಸುಮ್ನೆ ಒಟ್ಟಿಗೆ ಇಟ್ಟು ನೋಡಿ.

ಮೂಗಿನ ಪದಗಳೆಲ್ಲ ಎಸ್ ಎನ್‌ನಿಂದ ಶುರುವಾಗುತ್ತವೆ ಅಂತ ಮಗ ಹೇಳುತ್ತಾನೆ. ಖರೆನಾ?

ಬಹಳಷ್ಟು ಹೌದು. ‘ಸ್ನಿಫ್’ ಮೂಸು, ‘ಸ್ನೀಜ್’ ಸೀನು, ‘ಸ್ನೋರ್’ ಗೊರಕೆ, ‘ಸ್ನೌಟ್’ ಹಂದಿಯ ಮೂತಿ, ‘ಸ್ನಾಟ್’ ಸಿಂಬಳ, ‘ಸ್ನಫ್’ ನಶ್ಯ. ಜಿ ಎಲ್‌ನಲ್ಲಿ ಬೆಳಕು ಜಾಸ್ತಿ: ‘ಗ್ಲೋ’, ‘ಗ್ಲಿಟರ್’, ‘ಗ್ಲೀಮ್’, ‘ಗ್ಲೇರ್’. ಕನ್ನಡದಲ್ಲೂ ಹಾಗೇ ಇದೆ: ಮಿಂಚು, ಮಿನುಗು, ಮಿಣುಕು, ಮಿರಮಿರ. ಆದರೆ ಇದು ನಿಯಮ ಅಲ್ಲ. ‘ಸ್ನೇಕ್’ ಹಾವಿಗೂ ಮೂಗಿಗೂ ಸಂಬಂಧ ಇಲ್ಲ, ‘ಗ್ಲೂ’ ಅಂಟು ಹೊಳೆಯುವುದಿಲ್ಲ.

ಸಿ ಎಚ್ ಒಂದು ಕಡೆ ‘ಚ’, ಒಂದು ಕಡೆ ‘ಕ’, ಇನ್ನೊಂದು ಕಡೆ ‘ಶ’. ಗುರುತು ಹಿಡಿಯೋದು ಹೇಗೆ?

ಊರು ಕೇಳಿ. ಗ್ರೀಕಿನಿಂದ ಬಂದವು ಸಾಮಾನ್ಯವಾಗಿ ‘ಕ’: ‘ಸ್ಕೂಲ್’, ‘ಕೆಮಿಸ್ಟ್ರಿ’, ‘ಸ್ಟಮಕ್’, ‘ಎಕೊ’. ಫ್ರೆಂಚಿನಿಂದ ತಡವಾಗಿ ಬಂದವು ‘ಶ’: ‘ಮಶೀನ್’, ‘ಪ್ಯಾರಾಶೂಟ್’, ‘ಶೆಫ್’. ಉಳಿದದ್ದು ಬಹಳಷ್ಟು ‘ಚ’: ‘ಚೈಲ್ಡ್’, ‘ಚೀಸ್’, ‘ಚೇರ್’. ಮಜಾ ಏನೆಂದರೆ ‘ಚೀಫ್’ ಮತ್ತು ‘ಶೆಫ್’ ಒಂದೇ ಫ್ರೆಂಚ್ ಪದ. ಮೊದಲು ಬಂದದ್ದು ಮುಖಂಡನಾಯಿತು, ಆಮೇಲೆ ಬಂದದ್ದು ಅಡುಗೆಮನೆ ಸೇರಿತು.

ಮಕ್ಕಳು ‘ಇಸ್ಕೂಲು’ ಅಂದರೆ ಬೈಯುವವರಿಗೆ ಒಂದು ಮಾತು: ಸ್ಪೇನಿನವರೂ ಎಸ್ ಮುಂದೆ ಒಂದು ಸ್ವರ ಹಾಕಿ ‘ಎಸ್ಕ್ವೇಲಾ’ ಅನ್ನುತ್ತಾರೆ. ತಿದ್ದಿ, ಬೈಯಬೇಡಿ.

ಅದೇ ಅಕ್ಷರ ಅದಲು ಬದಲು ಮಾಡಿ ಆಡುವ ಆಟ ಯಾವುದು?

ಕರೆಂಟು ಹೋದಾಗ ನಾವು ಆಡುವ ಆಟ ಅದು. ‘ಲಿಸನ್’ ಕೇಳು, ಕಲಸಿದರೆ ‘ಸೈಲೆಂಟ್’ ಸುಮ್ಮನಿರು. ‘ಅರ್ತ್’ ಭೂಮಿ, ಕಲಸಿದರೆ ‘ಹಾರ್ಟ್’ ಹೃದಯ. ‘ನೈಟ್’ ರಾತ್ರಿ, ‘ಥಿಂಗ್’ ವಸ್ತು. ‘ಸ್ಟಡಿ’ ಕಲಸಿದರೆ ‘ಡಸ್ಟಿ’, ಧೂಳು ಹಿಡಿದ. ಸಂಡೂರಿನ ಕಡೆ ಅದಿರು ಲಾರಿ ಓಡುವ ರಸ್ತೆ ಪಕ್ಕ ಓದಿದ ನನ್ನ ಗೆಳತಿಗೆ ಇವೆರಡೂ ಬೇರೆ ಪದ ಅಂತ ಅನ್ನಿಸುವುದೇ ಇಲ್ಲವಂತೆ. ಐದೂ ಸ್ವರ ಇರುವ ಪದ ಕೇಳಿದರೆ ‘ಎಜುಕೇಶನ್’. ಐದರಲ್ಲಿ ಒಂದೂ ಇಲ್ಲದ್ದು ‘ರಿದಮ್’, ಅಂದರೆ ಲಯ.

ದಿನಕ್ಕೆ ಎಷ್ಟು ಪದ ಕಲಿಸಬೇಕು? ಯಾವ ನೋಟ್‌ಬುಕ್?

ಐದು ಸಾಕು, ಐದೂ ಒಂದೇ ಮನೆಯವು. ಇಪ್ಪತ್ತು ಪದ ಬರೆಸಿ ಸಹಿ ಹಾಕಿಸಿಕೊಳ್ಳುವುದರಲ್ಲಿ ನನಗೆ ನಂಬಿಕೆ ಇಲ್ಲ. ಇನ್ನೂರು ಪೇಜಿನ ಸಾದಾ ನೋಟ್‌ಬುಕ್ ತನ್ನಿ. ಒಂದು ಪುಟಕ್ಕೆ ಒಂದು ಮನೆ, ಮೇಲೆ ಆ ಮನೆಯ ಅಕ್ಷರ. ಹೊಸ ಪದ ಸಿಕ್ಕಾಗ ಅದರ ಪುಟ ಹುಡುಕಿ ಸೇರಿಸಿ. ಉಚ್ಚಾರ ಕನ್ನಡದಲ್ಲಿ ಬರೆದುಕೊಳ್ಳುವುದು ಒಳ್ಳೆಯದೇ, ಆದರೆ ಒಂದು ಎಚ್ಚರ: ವಿ ಮತ್ತು ಡಬ್ಲ್ಯೂ ಎರಡಕ್ಕೂ ನಮ್ಮಲ್ಲಿ ‘ವ’ ಒಂದೇ. ‘ವೈನ್’ ದ್ರಾಕ್ಷಿ ಬಳ್ಳಿಯೂ ಆಗಬಹುದು, ಅದರಿಂದ ಮಾಡಿದ ಮದ್ಯವೂ ಆಗಬಹುದು.

ಊರಿನ ಹೆಸರು, ಮಕ್ಕಳ ಹೆಸರಿನ ಸ್ಪೆಲಿಂಗ್‌ಗೆ ನಿಯಮ ಇದೆಯಾ?

ಬಳ್ಳಾರಿಗೆ ಇದೆ. 2014ರ ನವೆಂಬರ್ 1ರಿಂದ ಸರ್ಕಾರ ಹಳೇ ‘ಬೆಲ್ಲರಿ’ ಬಿಟ್ಟು ನಾವು ಹೇಳುವ ಹಾಗೇ ಎ ಹಾಕಿ, ಕೊನೆಗೆ ವೈ ಬದಲು ಐ ಹಾಕಿ ಬರೆಯಲು ಶುರು ಮಾಡಿತು. ಲಿಂಗಸುಗೂರು, ಸಿಂಧನೂರು, ಗಂಗಾವತಿಗಳನ್ನು ಮಾತ್ರ ಬೋರ್ಡಿಗೊಂದು ಥರ ಬರೆದಿರುತ್ತಾರೆ.

ಹೆಸರಿನ ವಿಷಯದಲ್ಲಿ ತೊಂದರೆ ಕೊಡುವುದು ಟಿ ಎಚ್. ಇಂಗ್ಲಿಷಿನಲ್ಲಿ ‘ತ’ ಮತ್ತು ‘ಟ’ ಬೇರೆ ಬೇರೆ ಇಲ್ಲ. ನಾವು ದಕ್ಷಿಣದವರು ‘ತ’ಕ್ಕೆ ಟಿ ಎಚ್ ಬರೆದು ಬೇರೆ ಮಾಡಿಕೊಂಡಿದ್ದೇವೆ, ಉತ್ತರದವರು ಬರೀ ಟಿ ಬರೆಯುತ್ತಾರೆ. ಸವಿತ ಅಂತ ಬರೆಯಲು ಎರಡೂ ಸರಿ. ಆದರೆ ಎರಡನ್ನೂ ಒಬ್ಬಳೇ ಬರೆಯಬಾರದು. ನನ್ನ ಹತ್ತಿರ ಬರುತ್ತಿದ್ದ ಒಬ್ಬಳಿಗೆ ಶಾಲೆಯ ದಾಖಲೆಯಲ್ಲಿ ಎಚ್ ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಸ್ಕಾಲರ್‌ಶಿಪ್ ಅರ್ಜಿ ವಾಪಸ್ ಬಂತು. ಅವರಪ್ಪ ಮೂರು ದಿನ ಕೂಲಿ ಬಿಟ್ಟು ಆ ಒಂದು ಎಚ್ ಹಿಂದೆ ಓಡಾಡಿದರು. ಅರ್ಜಿ ತುಂಬುವಾಗ ಆಧಾರ್ ಕಾರ್ಡನ್ನೂ ಅಂಕಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನೋಡಿ. ಕಣ್ಣು ಮಂಜಾಗಿದ್ದರೆ ಮಗುವಿನ ಕೈಯಲ್ಲೇ ಓದಿಸಿ.